ವಾರದ ಗುಳಿಗೆಯ ಕವರಿನ ಮೇಲೆ 1-0-0

ಕಾಸರಗೋಡಿನ ಬದಿಯಡ್ಕ ಕಡೆಯ ಅಜ್ಜಿಯೊಬ್ಬರಿಗೆ ಮಂಗಳೂರಿನ ಡಾಕ್ಟರು ಬರೆದದ್ದು ವಿಟಮಿನ್ ಡಿ3, 60,000 ಐಯು (ವಿಟಮಿನ್ ಅಳೆಯುವ ಮಾನ), ವಾರಕ್ಕೊಂದರಂತೆ ಎಂಟು ವಾರ. ಮದ್ದಿನಂಗಡಿಯವರು ಕವರಿನ ಮೇಲೆ ಗೀಚಿದ್ದು 1-0-0. ಅಂದರೆ ದಿನಾ ಬೆಳಿಗ್ಗೆ ಒಂದು. ಆ ಮೂರು ಅಂಕಿಯೊಳಗೆ ‘ವಾರಕ್ಕೆ’ ಅಂತ ಹೇಳಲು ಜಾಗವೇ ಇಲ್ಲ. ಎರಡು ತಿಂಗಳ ಮದ್ದು ಎಂಟೇ ದಿನದಲ್ಲಿ ಖಾಲಿ. ಸ್ಟ್ರಿಪ್ ತೋರಿಸಿದರೆ ಚೀಟಿ ಕೇಳದೆ ಮತ್ತೊಂದು ಕೊಟ್ಟರು. ಹೀಗೆ ಒಂದು ತಿಂಗಳು ನಡೆಯಿತು. ಜೊತೆಗೆ ಮಗ ದುಬೈಯಿಂದ ತಂದ ಡಬ್ಬಿಯದ್ದು ದಿನಕ್ಕೊಂದು, ಡಿ3 ಸೇರಿದ ಕ್ಯಾಲ್ಸಿಯಂ ಮಾತ್ರೆ ಬೇರೆ.

ಮೊದಲು ಮಲಬದ್ಧತೆ, ಊಟ ಸೇರದು. ಆಮೇಲೆ ತೀರದ ಬಾಯಾರಿಕೆ, ರಾತ್ರಿ ಐದಾರು ಸಲ ಮೂತ್ರ. ಶುಗರ್ ಇರಬೇಕೆಂದು ನೋಡಿಸಿದರೆ ಶುಗರ್ ಸರಿಯಾಗಿಯೇ ಇತ್ತು. ಮಾತು ಅಡ್ಡಾದಿಡ್ಡಿ ಆದಾಗ ಆಸ್ಪತ್ರೆಗೆ ಒಯ್ದರು. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. 10.5ರೊಳಗೆ ಇರಬೇಕಾದ ಕ್ಯಾಲ್ಸಿಯಂ 13 ದಾಟಿತ್ತು, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ 600 ಐಯು ಸಾಕು, ದಾಟಬಾರದ ಗೆರೆ 4,000. ಆ ಗುಳಿಗೆಯೊಂದರಿಂದಲೇ ಅಜ್ಜಿಗೆ ದಿನಕ್ಕೆ ಹೋದದ್ದು ಅದರ ಹದಿನೈದು ಪಟ್ಟು. ವಿಟಮಿನ್ ಸಿ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಡಿ ಕೊಬ್ಬಿನಲ್ಲಿ ಕೂತುಬಿಡುತ್ತದೆ, ನಿಲ್ಲಿಸಿದರೂ ವಾರಗಟ್ಟಲೆ ಇಳಿಯದು. ಬಿಪಿಗೆಂದು ಹೈಡ್ರೋಕ್ಲೋರೋಥಯಜೈಡ್ ತಿನ್ನುವವರಿಗೆ ಅಪಾಯ ಇನ್ನೂ ಜಾಸ್ತಿ. ಅದು ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗದಂತೆ ತಡೆಯುತ್ತದೆ.

ಅಂಗಡಿಯವರೊಬ್ಬರ ಮೇಲೆ ಗೂಬೆ ಕೂರಿಸಿದರೆ ಆಗದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 2016ರ ನಿಯಮ ಪೂರಕಗಳನ್ನು (ಸಪ್ಲಿಮೆಂಟ್) ಆಹಾರದ ಲೆಕ್ಕಕ್ಕೆ ಹಾಕಿ, ವಿಟಮಿನ್ ದಿನದ ಅಗತ್ಯ ಮೀರಬಾರದು ಎಂದಿತು. 60,000ದ ಗುಳಿಗೆ ಬರುವುದು ಔಷಧ ಲೈಸೆನ್ಸಿನಲ್ಲಿ. ವಸ್ತು ಒಂದೇ, ಕಾನೂನು ಎರಡು. ಒಟ್ಟು ಎಷ್ಟಾಯಿತೆಂದು ಕೂಡಿಸುವವರು ಯಾರೂ ಇಲ್ಲ. ಅಮೆರಿಕದಲ್ಲಂತೂ ವಿಟಮಿನ್ ಪ್ರಮಾಣಕ್ಕೆ ಕಡಿವಾಣ ಹಾಕಹೊರಟ ಅಲ್ಲಿನ ಆಹಾರ-ಔಷಧ ನಿಯಂತ್ರಕ ಎಫ್‌ಡಿಎಯ ಕೈಯನ್ನು 1976ರಲ್ಲೇ ಕಾನೂನು ಮಾಡಿ ಕಟ್ಟಿದರು. 1994ರ ಕಾನೂನಿನ ನಂತರ ಪೂರಕಗಳನ್ನು ಮಾರುವ ಮೊದಲು ಅನುಮತಿಯೂ ಬೇಡ. ಅಪಾಯವಿದೆಯೆಂದು ಸಾಬೀತು ಮಾಡಬೇಕಾದ್ದು ಸರಕಾರವೇ. ‘ಇದು ಆಹಾರ, ಮದ್ದಲ್ಲ’ ಎಂಬ ಕಂಪನಿಗಳ ಅದೇ ವಾದ ನಮ್ಮ ಕೌಂಟರಿಗೆ ಬರುವಷ್ಟರಲ್ಲಿ ‘ವಿಟಮಿನ್ ಅಲ್ವಾ, ಏನಾಗ್ತದೆ’ ಆಗಿರುತ್ತದೆ.

ಗಲ್ಫ್ ಪೆಟ್ಟಿಗೆಯಲ್ಲಿ ಬರುವ ಡಬ್ಬಿಗಳಲ್ಲಿ ‘125 ಎಂಸಿಜಿ’ (ಮೈಕ್ರೋಗ್ರಾಂ) ಡಿ ಅಂತಿದ್ದರೆ ಸಣ್ಣದೆಂದು ತಿಳಿಯಬೇಡಿ. 40ರಿಂದ ಗುಣಿಸಿ: 5,000 ಐಯು. ಮನೆಯಲ್ಲಿರುವ ಡಬ್ಬಿ, ಸ್ಟ್ರಿಪ್, ಹಾಲಿನ ಪುಡಿ ಎಲ್ಲ ಮೇಜಿನ ಮೇಲಿಟ್ಟು ಡಿ ಎಷ್ಟೆಂದು ಕೂಡಿಸಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ಆಹಾರ ಲೈಸೆನ್ಸ್. ವಾರದ ಗುಳಿಗೆಯಾದರೆ ಕವರಿನ ಮೇಲೆ ‘ಭಾನುವಾರ ಮಾತ್ರ’ ಎಂದು ಅಂಗಡಿಯಲ್ಲೇ ಬರೆಸಿಕೊಳ್ಳಿ, ಕನ್ನಡ ಬರದ ಹುಡುಗ ಇದ್ದರೆ ನೀವೇ ಬರೆಯಿರಿ. ಈಗಾಗಲೇ ದಿನಾ ತಿಂದಿದ್ದರೆ ಡಿ, ಕ್ಯಾಲ್ಸಿಯಂ ಎರಡನ್ನೂ ಇವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಸೀರಮ್ ಕ್ಯಾಲ್ಸಿಯಂ, ಕ್ರಿಯಾಟಿನಿನ್, ರಕ್ತದಲ್ಲಿ ಡಿ ಎಷ್ಟಿದೆಯೆಂದು ತೋರಿಸುವ 25-ಓಎಚ್ ವಿಟಮಿನ್ ಡಿ, ಮೂರೂ ನೋಡಿಸಬೇಕು. ಹೋಗುವಾಗ ಖಾಲಿ ಸ್ಟ್ರಿಪ್‌ಗಳನ್ನು ಎಸೆಯದೆ ಒಯ್ಯಿರಿ.