ಸಿಲ್ವರ್ ನೈಟ್ರೇಟ್ ಬೇಕಾದವರಿಗೆ ನಂಬಿಕೆಯ ಅಂಗಡಿ

ನಾನು ಮಂಡ್ಯದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಲ್ಯಾಬಿಗೆ ಬೇಕಾದ ಕೆಮಿಕಲ್, ಗಾಜಿನ ಸಾಮಾನು ಎಲ್ಲ ಮೈಸೂರಿನ ಈ ಅಂಗಡಿಯಿಂದಲೇ ತರುವುದು. ಈ ವರ್ಷ ನಮ್ಮ ಬಿ.ಎಸ್ಸಿ. ಮಕ್ಕಳು ಮೈಸೂರು ವೀಳ್ಯದೆಲೆ ಕುದಿಸಿದ ರಸದಿಂದ ಬೆಳ್ಳಿಯ ನ್ಯಾನೊ ಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಮಾಡಿ, ನೀರಿನಲ್ಲಿರುವ ಪಾದರಸ ಪತ್ತೆ ಹಚ್ಚಲು ಹೊರಟಿದ್ದಾರೆ.

ಈ ಕಣಕ್ಕೆ ಬೆಳ್ಳಿ ಒದಗಿಸುವ ಉಪ್ಪೇ ಸಿಲ್ವರ್ ನೈಟ್ರೇಟ್, ಅದು ಚೂರೇ ಚೂರು ಸಾಕು. ನಾವು ಬಳಸುವ ತೆಳು ದ್ರಾವಣಕ್ಕೆ (1 ಮಿಲಿಮೋಲಾರ್) ಲೀಟರಿಗೆ 0.17 ಗ್ರಾಂ. ಆದರೆ ಎಷ್ಟೋ ಕಡೆ 25 ಗ್ರಾಂ ಬಾಟಲಿಯನ್ನೇ ತಗೊಳ್ಳಿ ಅನ್ನುತ್ತಾರೆ. ಬೆಳ್ಳಿ ರೇಟು ಏರಿದರೆ ಇದರ ರೇಟೂ ಏರುತ್ತದೆ. ಸಣ್ಣ ಕಾಲೇಜು ದುಡ್ಡು ಎಲ್ಲಿಂದ ತರಬೇಕು? ಇಲ್ಲಿ 5 ಗ್ರಾಂ ಕೇಳಿದರೂ ಬೇಸರವಿಲ್ಲದೆ ಕೊಡುತ್ತಾರೆ. ಬೆಳಕಿಗೆ ಕೆಡುವ ವಸ್ತು ಅಲ್ವಾ, ಸೀಲ್ ಇರುವ ಕಂದು ಬಾಟಲಿಯಲ್ಲೇ ಬರುತ್ತದೆ.

ನನಗೆ ತುಂಬಾ ಹಿಡಿಸಿದ್ದು ಡಿಸ್ಟಿಲ್ಡ್ ವಾಟರ್ ವಿಚಾರ. ಹಿಂದೆ ಬೇರೆ ಕಡೆಯಿಂದ ತಂದ ಕ್ಯಾನಿನ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದ ಕೂಡಲೇ ಬೆಳ್ಳಗೆ ಕದಡಿಹೋಗಿತ್ತು. ನೀರಿನಲ್ಲಿ ಕ್ಲೋರೈಡ್ ಇದ್ದರೆ ಬೆಳ್ಳಿ ಸಿಲ್ವರ್ ಕ್ಲೋರೈಡ್ ಆಗಿ ಬೇರೆಯಾಗುತ್ತದೆ. ಸುಮ್ನೆ ದಂಡ. ಇಲ್ಲಿನ ಹಿರಿಯರಿಗೆ ಇದನ್ನು ಹೇಳಿದೆ. "ತಾಳಿ ಮೇಡಂ" ಅಂತ ಕ್ಯಾನ್ ಬಿಚ್ಚಿ, ಟೆಸ್ಟ್ ಟ್ಯೂಬಿಗೆ ಸ್ವಲ್ಪ ನೀರು ತೆಗೆದು, ಸಿಲ್ವರ್ ನೈಟ್ರೇಟ್ ದ್ರಾವಣದ ಒಂದು ಹನಿ ಬಿಟ್ಟು ನನ್ನೆದುರೇ ತೋರಿಸಿದರು. ನೀರು ತಿಳಿಯಾಗಿಯೇ ಉಳಿಯಿತು. ಆ ನೀರಿನಲ್ಲಿ ಮಾಡಿದ ದ್ರಾವಣಕ್ಕೆ ಎಲೆಯ ರಸ ಬೆರೆಸಿದಾಗ ಮೊದಲು ಹಳದಿ, ಆಮೇಲೆ ಕಂದು ಬಣ್ಣ ಬಂತು. ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 430 ನ್ಯಾನೊಮೀಟರ್ ಹತ್ತಿರ ಪೀಕ್, ಅಂದರೆ ಬೆಳ್ಳಿಯ ಕಣ ಆಗಿದೆ ಅಂತ ಗುರುತು. ಮಕ್ಕಳ ಖುಷಿ ನೋಡಬೇಕಿತ್ತು! ಪಾದರಸದ ಉಪ್ಪು ಸೇರಿಸಿದರೆ ಈ ಬಣ್ಣ ಮಸುಕಾಗುತ್ತದೆ, ಅದರಿಂದಲೇ ಪತ್ತೆ. ಪಾದರಸ ಬೆಳ್ಳಿಯ ಜೊತೆ ಕೂಡಿಕೊಳ್ಳುವುದೇ ಕಾರಣ.

ಇನ್ನೊಂದು ಮಾತು. ಎಲೆಯಿಂದ ಮಾಡಿದ್ದು ಅಂದಮಾತ್ರಕ್ಕೆ ಸಿಂಕಿಗೆ ಸುರಿಯಬಾರದು. ಬೆಳ್ಳಿ ನೀರಿನ ಜೀವಿಗಳಿಗೆ ವಿಷ, ಪಾದರಸವಂತೂ ಕೇಳುವುದೇ ಬೇಡ. ಅದನ್ನು ನೆನಪಿಸಿ, ಎರಡಕ್ಕೂ ಬೇರೆ ಬೇರೆ ವೇಸ್ಟ್ ಕ್ಯಾನ್ ಇಟ್ಟುಕೊಳ್ಳಿ ಅಂತ ಹೇಳಿ ಕಳಿಸಿದವರೂ ಇದೇ ಹಿರಿಯರು. ಮಾರಿದ ಮೇಲೂ ಇಷ್ಟು ಯೋಚಿಸುವ ಅಂಗಡಿ ನನಗೆ ಬೇರೆ ಸಿಕ್ಕಿಲ್ಲ.

ಕೊರತೆ ಅಂದರೆ ಕ್ವಾರ್ಟ್ಜ್ ಕ್ಯುವೆಟ್ (ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ದ್ರಾವಣ ಇಡುವ ಪುಟ್ಟ ಪಾತ್ರೆ) ಸ್ಟಾಕ್ ಇರುವುದಿಲ್ಲ, ಆರ್ಡರ್ ಕೊಟ್ಟು ಕಾಯಬೇಕು. ಈ ಕೆಲಸಕ್ಕೆ ಗಾಜಿನದೇ ನಡೆಯುತ್ತದೆ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಮಂಡ್ಯ ಕಡೆಯಿಂದ ಬರುವವರು ಬೆಳಿಗ್ಗೆಯೇ ಬನ್ನಿ. ಪಾದರಸದ ಉಪ್ಪು ಬೇಕಿದ್ದರೆ ಕಾಲೇಜಿನ ಲೆಟರ್ ತನ್ನಿ, ಇಲ್ಲದಿದ್ದರೆ ಕೊಡುವುದಿಲ್ಲ.