ಬಿಳಿ ಕ್ವಾರ್ಟ್ಜ್ ಅಡುಗೆ ಕಟ್ಟೆ ಒರೆಸಲು ಯಾವುದು ವಾಸಿ: ಸೋಡಾ, ಸ್ಪ್ರೇ, ವಿನೆಗರ್, ಪಾತ್ರೆ ಲಿಕ್ವಿಡ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಾತ್ರೆ ತೊಳೆಯುವ ಲಿಕ್ವಿಡ್‌ಗೆ. ಒಂದು ಬೋಗುಣಿ ಬೆಚ್ಚಗಿನ ನೀರಿಗೆ ನಾಲ್ಕು ಹನಿ, ಮೆತ್ತನೆ ಬಟ್ಟೆ. ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಇಷ್ಟಕ್ಕೆ ಬರಲು ನನಗೆ ಎಂಟು ತಿಂಗಳು ಹಿಡಿಯಿತು.

ಬಳ್ಳಾರಿಯಲ್ಲಿ ಯಾರಾದರೂ ಬಿಳಿ ಕಟ್ಟೆ ಹಾಕಿಸುತ್ತಾರಾ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಕಿಟಕಿ ತೆರೆದರೆ ಕೆಂಪು ಧೂಳು, ನಲ್ಲಿ ಬಿಟ್ಟರೆ ಬೋರಿನ ಗಡಸು ನೀರು. ಕರಿ ಗ್ರಾನೈಟ್ ಸಾಕು ಅಂದವರ ಮಾತು ನಾನು ಕೇಳಲಿಲ್ಲ. ಧೂಳೇನೋ ಒಂದು ಸಲ ಒರೆಸಿದರೆ ಹೋಗುತ್ತದೆ. ನನ್ನನ್ನು ಕಾಡಿದ್ದು ಅರಿಶಿನ.

ಒಂದು ಭಾನುವಾರ ಬೆಳಗ್ಗೆ ಒಗ್ಗರಣೆ-ಮಿರ್ಚಿ ಮಾಡುತ್ತಿದ್ದೆ. ಮಂಡಕ್ಕಿ ಹಿಂಡಿಡುವ ಗಡಿಬಿಡಿಯಲ್ಲಿ ಅರಿಶಿನದ ಡಬ್ಬಿ ಉರುಳಿತು. ಮನೆ ತುಂಬ ನೆಂಟರು. ಒದ್ದೆ ಬಟ್ಟೆಯಲ್ಲಿ ಬಳಿದು ಸುಮ್ನಾದೆ. ಸಂಜೆ ನೋಡಿದರೆ ಅಂಗೈಯಗಲ ಹಳದಿ ಕಲೆ.

ಎಲ್ಲರೂ ಹೇಳುವ ಹಾಗೆ ಅಡುಗೆ ಸೋಡಾಕ್ಕೆ ನೀರು ಕಲಸಿ ಮೆತ್ತಿದೆ. ನೋಡನೋಡುತ್ತಲೇ ಹಳದಿ ಹೋಗಿ ಕೆಂಪಾಯಿತು! ಅತ್ತೆ ಬಂದು ನೋಡಿ, "ಏನವ್ವಾ, ಕಟ್ಟೀಗೆ ಆರತಿ ಎತ್ತಾಕತ್ತೀ ಏನು?" ಅಂದರು. ಅವರು ಹೇಳಿದ್ದು ಸರಿಯೇ. ಆರತಿ ನೀರಿಗೆ ಅರಿಶಿನ ಸುಣ್ಣ ಕಲಸಿದರೆ ಕೆಂಪಾಗುತ್ತದಲ್ವಾ, ಸೋಡಾ ಮಾಡುವುದೂ ಅದನ್ನೇ. ಎರಡೂ ಕ್ಷಾರ. ಗಾಬರಿಯಲ್ಲಿ ನಿಂಬೆಹಣ್ಣು ಹಿಂಡಿದೆ. ಮತ್ತೆ ಹಳದಿ. ಬಣ್ಣ ತಿರುಗಿತೇ ಹೊರತು ಕಲೆ ಕದಲಲಿಲ್ಲ.

ಸಿಟ್ಟಿಗೆ ಹಸಿರು ಸ್ಕ್ರಬ್ಬರ್ ತಗೊಂಡು ತಿಕ್ಕಿದೆ. ದೊಡ್ಡ ತಪ್ಪು ಅದೇ. ಕ್ವಾರ್ಟ್ಜ್ ಅಂದರೆ ಹೆಚ್ಚುಕಡಿಮೆ ನೂರಕ್ಕೆ 90 ಭಾಗ ಕಲ್ಲಿನ ಪುಡಿ, ಅದನ್ನು ಅಂಟಿಸಿ ಹಿಡಿದಿರುವುದು ರೆಸಿನ್. ಕಲ್ಲು ಗಟ್ಟಿ, ರೆಸಿನ್ ಮೆತ್ತಗೆ. ಅಲ್ಲಿ ಹೊಳಪು ಹೋಗಿ ಮಬ್ಬಾಯಿತು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಈಗಲೂ ಕಾಣುತ್ತದೆ.

ಕಲೆ ತೆಗೆದದ್ದು ಯಾವುದು ಗೊತ್ತಾ? ಕೊರೊನಾ ಕಾಲದಲ್ಲಿ ತಂದು ಕಪಾಟಿನಲ್ಲಿ ಮರೆತಿದ್ದ ಸ್ಯಾನಿಟೈಸರ್. ಅರಿಶಿನದ ಬಣ್ಣ ನೀರಿಗೆ ಬಿಡುವುದಿಲ್ಲ, ಸ್ಯಾನಿಟೈಸರ್‌ನಲ್ಲಿರುವ ಸ್ಪಿರಿಟ್‌ಗೆ ಬಿಡುತ್ತದೆ. ಹತ್ತಿಯನ್ನು ಅದರಲ್ಲಿ ಅದ್ದಿ ಕಲೆಯ ಮೇಲೆ ಇಟ್ಟೆ, ಐದು ನಿಮಿಷಕ್ಕೆ ಹತ್ತಿಯೇ ಹಳದಿಯಾಯಿತು. ಮೂರು ಸಲ ಹೀಗೆ ಮಾಡಿದೆ. ಉಳಿದ ಚೂರುಪಾರು ಕಿಟಕಿಯ ಬಿಸಿಲಿಗೆ ನಾಲ್ಕೈದು ದಿನದಲ್ಲಿ ಮಾಸಿತು. ಬಳ್ಳಾರಿ ಬಿಸಿಲಿನಿಂದ ಒಂದಾದರೂ ಉಪಕಾರ ಆಯಿತು. ಗ್ಯಾಸ್ ಆರಿಸಿಯೇ ಹಚ್ಚಬೇಕು, ಸ್ಪಿರಿಟ್‌ಗೆ ಬೆಂಕಿ ಬೇಗ ಹಿಡಿಯುತ್ತದೆ.

ಕಲ್ಲಿಗೇ ಅಂತ ಮಾರುವ ಸ್ಪ್ರೇ ಕೂಡ ತಂದಿದ್ದೆ, 340 ರೂಪಾಯಿ. ಎಣ್ಣೆ ಜಿಡ್ಡಿಗೆ ಚೆನ್ನಾಗಿದೆ, ವಾಸನೆಯೂ ಹಿತ. ಆದರೆ ದಿನಕ್ಕೆ ಮೂರು ಸಲ ಒರೆಸುವವಳು ನಾನು, ಬಾಟಲಿ ತಿಂಗಳೂ ಬರಲಿಲ್ಲ. ಲಿಕ್ವಿಡ್ಡೂ ಅಷ್ಟೇ ಜಿಡ್ಡು ತೆಗೆಯುತ್ತದೆ, ಹೊಳಪಿನಲ್ಲಿ ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಲಿಕ್ವಿಡ್ ಸೋತದ್ದು ಒಂದೇ ಕಡೆ, ನಲ್ಲಿಯ ಬುಡದಲ್ಲಿ ಕಟ್ಟುವ ಬಿಳಿ ಉಪ್ಪಿಗೆ. ಅಲ್ಲಿ ವಿನೆಗರ್ ಬೇಕೇ ಬೇಕು. ಅರ್ಧಕ್ಕರ್ಧ ನೀರು ಬೆರೆಸಿ, ಒಂದು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದುಬಿಡುತ್ತೇನೆ. ರಾತ್ರಿ ಮಲಗುವ ಮುಂಚೆ ಅಲ್ಲಿ ನೀರು ನಿಲ್ಲದ ಹಾಗೆ ಒಣ ಬಟ್ಟೆ ಆಡಿಸಿದರೆ ಅದೂ ಅಪರೂಪಕ್ಕೆ ಬೇಕಾಗುತ್ತದೆ.

ಬಾತ್‌ರೂಮ್ ಆಸಿಡ್, ಬ್ಲೀಚಿಂಗ್ ಪುಡಿ ಹತ್ತಿರಕ್ಕೂ ತರಲಿಲ್ಲ. ಬಿಸಿ ಬಾಣಲೆ ಇಳಿಸುವಾಗ ಕೆಳಗೆ ಸಿಂಬೆ ಇಡಿ, ಕಾವಿಗೆ ರೆಸಿನ್ ಕಂದುತ್ತದೆ.

ಈಗ ತಿಂಗಳಿಗೆ ಒಂದು ಲಿಕ್ವಿಡ್ ಪೌಚ್ ಸಾಕು, ಅದರಲ್ಲೇ ಪಾತ್ರೆಯೂ ಆಗುತ್ತದೆ. ಮಬ್ಬಾದ ಜಾಗದ ಮೇಲೆ ಮಿಕ್ಸರ್ ಇಟ್ಟಿದ್ದೇನೆ. ಅತ್ತೆ ಮಾತ್ರ ಅರಿಶಿನದ ಡಬ್ಬಿ ಹಿಡಿದರೆ ಸೀದಾ ಹಿತ್ತಲಿನ ಕಡಪಾ ಕಲ್ಲಿನ ಕಟ್ಟೆಗೇ ಹೋಗುತ್ತಾರೆ.