ಕಮಾನಿನಿಂದ ನೇರ ಗೆರೆಗೆ: ಮೂರು ಜೋಡಣೆ ಮಾಡಿ ನೋಡಿದೆ

ಶಿರಸಿ ಕಡೆ ಮಳೆಗಾಲ ಅಂದರೆ ಅಡಿಕೆಗೆ ಕೊಳೆರೋಗದ ಔಷಧಿ. ನಮ್ಮ ಹಳೇ ಕೈಪಂಪಿನ ಹ್ಯಾಂಡಲ್ ಕಮಾನಿನಂತೆ ಆಡುತ್ತದೆ, ಪಿಸ್ಟನ್ನಿನ ಸರಳು ಮಾತ್ರ ನೆಟ್ಟಗೆ ಹೋಗಿಬರಬೇಕು. ಹೋದ ವರ್ಷ ಬಿಚ್ಚಿದಾಗ ವಾಶರ್ ಒಂದೇ ಮಗ್ಗುಲಿಗೆ ಸವೆದು ಅರ್ಧಚಂದ್ರವಾಗಿತ್ತು. ಉಗಿ ಯಂತ್ರದಲ್ಲಿ ಜೇಮ್ಸ್ ವ್ಯಾಟ್ 1784ರಲ್ಲಿ ಬಿಡಿಸಿದ್ದೂ ಇದೇ ತೊಡಕು.

ಪಟ್ಟಿಗಳನ್ನು ಕೀಲಿನಿಂದ ಸೇರಿಸಿ ಕಮಾನಿನ ಆಟವನ್ನು ನೇರ ಮಾಡುವ ಮೂರು ಜೋಡಣೆಗಳನ್ನು ಮೊದಲು ಅಡಿಕೆ ದಬ್ಬೆಯಲ್ಲಿ ಮಾಡಿದೆ. ತೂತು ಕೊರೆದಲ್ಲೇ ನಾರಿನುದ್ದಕ್ಕೆ ಸೀಳಿತು. ಆಮೇಲೆ ಅಲ್ಯೂಮಿನಿಯಂ ಪಟ್ಟಿ ತಂದು, ಕೇರಂ ಬೋರ್ಡಿನ ಹಿಂಬದಿಗೆ ಕಾಗದ ಅಂಟಿಸಿ, ಪೆನ್ಸಿಲ್ ಸಿಕ್ಕಿಸಿ ಗೆರೆ ಎಳೆದೆ.

ವ್ಯಾಟನದು ಮೂರೇ ಪಟ್ಟಿ: 30, 12, 30 ಸೆಂ.ಮೀ. ನಡುಪಟ್ಟಿಯ ಮಧ್ಯದ ಪೆನ್ಸಿಲ್ ಇಂಗ್ಲಿಷಿನ ಎಂಟು ಬರೆಯುತ್ತದೆ. ಅದರ ನಡುವಿನ 15 ಸೆಂ.ಮೀ.ಗೆ ಸ್ಕೇಲ್ ಇಟ್ಟರೆ ಸಂದೇ ಕಾಣಲಿಲ್ಲ. ಆದರೆ ತೋಳುಗಳನ್ನು ಬೋರ್ಡಿಗೆ ಹೊಡೆದ ಎರಡು ಕೀಲುಗಳ ನಡುವೆ 60 ಸೆಂ.ಮೀ. ಜಾಗ ಬೇಕು.

ರಷ್ಯಾದ ಗಣಿತಜ್ಞ ಚೆಬಿಶೇವನ ಜೋಡಣೆಗೆ 24 ಸಾಕು. ಕೀಲುಗಳ ಅಂತರ, ತೋಳು, ನಡುಪಟ್ಟಿ 4:5:2 ಅಳತೆಯಲ್ಲಿರಬೇಕು. ಗೆರೆಯೂ 24 ಸೆಂ.ಮೀ. ಬಂತು. ಲೆಕ್ಕದಲ್ಲಿ ಅದರ ಡೊಂಕು ಬರೀ 0.6 ಮಿ.ಮೀ. ತೋಳುಗಳು ಒಂದರ ಮೇಲೊಂದು ಹಾಯುವುದರಿಂದ ಉದ್ದ ಬೋಲ್ಟ್ ಹಾಕಬೇಕಾಯಿತು, ಅದು ಅಲುಗುತ್ತಲೇ ಇತ್ತು.

ನನ್ನ ಮನಸ್ಸು ಹೋದದ್ದು ಫ್ರೆಂಚ್ ಸೇನಾಧಿಕಾರಿ ಪೊಸೆಲಿಯೆ 1864ರಲ್ಲಿ ತಿಳಿಸಿದ ಏಳು ಪಟ್ಟಿಯ ಜೋಡಣೆಗೆ. ಉಳಿದೆರಡು ಹತ್ತಿರ ಹತ್ತಿರ ನೇರ. ಇದು ಗಣಿತದಲ್ಲೇ ಪೂರಾ ನೇರ. ಉದ್ದ ತೋಳೆರಡು 30, ವಜ್ರಾಕಾರದ ನಾಲ್ಕು 12, ಗಿಡ್ಡದು 10. ಮೊದಲ ಸಲ ಗೆರೆಗೆ ಹೊಟ್ಟೆ ಬಂದಿತ್ತು, 30 ಸೆಂ.ಮೀ.ನಲ್ಲಿ ಒಂದೂವರೆ ಮಿ.ಮೀ. ಎರಡು ದಿನ ಹುಡುಕಿದೆ. ಗಿಡ್ಡ ಪಟ್ಟಿಯ ಉದ್ದಕ್ಕೂ ಬೋರ್ಡಿನ ಮೇಲಿನ ಎರಡು ಕೀಲುಗಳ ಅಂತರಕ್ಕೂ ಸರಿ ಹೊಂದಲೇಬೇಕು, ಇಲ್ಲದಿದ್ದರೆ ಪೆನ್ಸಿಲ್ ದೊಡ್ಡ ವೃತ್ತದ ತುಣುಕು ಬರೆಯುತ್ತದೆ. ನಾನು ಕೀಲನ್ನು ಹತ್ತರ ಬದಲು ಹತ್ತೂವರೆಗೆ ಹೊಡೆದಿದ್ದೆ. ಸರಿಪಡಿಸಿ, ಒಂದೇ ಉದ್ದದ ಪಟ್ಟಿಗಳನ್ನು ಒಟ್ಟಿಗೆ ಕಟ್ಟಿ ತೂತು ಕೊರೆದೆ. ಗೆರೆ ದಾರ ಎಳೆದ ಹಾಗೆ ಬಂತು. ಆ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಆದರೂ ಪಂಪಿಗೆ ಹಾಕಿದ್ದು ವ್ಯಾಟನದನ್ನೇ. ಹ್ಯಾಂಡಲೇ ಒಂದು ತೋಳಾಗುತ್ತದೆ, ಹೊಸತು ಬೇಕಾದದ್ದು ಎರಡೇ ಪಟ್ಟಿ. ಕೊಳೆ ಔಷಧಿಯಾದ ಬೋರ್ಡೋ ದ್ರಾವಣದ ಸುಣ್ಣ ಪ್ರತಿ ಕೀಲಿಗೂ ಮೆತ್ತುತ್ತದೆ. ಪೊಸೆಲಿಯೆಯ ಆರು ಕೀಲು ತೊಳೆಯುತ್ತ ಕೂರಲು ಆ ಮಳೆಯಲ್ಲಿ ಪುರಸೊತ್ತಿಲ್ಲ. ಈ ಸಲ ಎರಡನೇ ಔಷಧಿ ಮುಗಿದ ಮೇಲೆ ವಾಶರ್ ಬಿಚ್ಚಿ ನೋಡಿದೆ. ಸುತ್ತಲೂ ಒಂದೇ ಸಮ ಸವೆದಿತ್ತು.